ಹರಿಹರನ ಗುಡಿ ಕಟ್ಟಿಸಿದ ಪೊಲಾಳ್ವ ದಂಡನಾಥ

ವರಬಲದಿಂದ ಮೆರೆಯುತ್ತಿದ್ದ ಗುಹಾಸುರನನ್ನು ಹರಿಯೊಬ್ಬನೇ ಕೊಲ್ಲಲಾರ, ಹರನೊಬ್ಬನೇ ಕೊಲ್ಲಲಾರ. ಇಬ್ಬರೂ ಒಂದೇ ದೇಹ ತಳೆದು ಆ ರಕ್ಕಸನನ್ನು ಸಂಹರಿಸಿದರೆಂಬುದು ದಾವಣಗೆರೆಗೆ ಸಮೀಪದ ಹರಿಹರದ ಸ್ಥಳಪುರಾಣ. ಈ ಕಥೆಯ ದೇವರಿಗೆ ಭವ್ಯ ಗುಡಿ ಕಟ್ಟಿಸಿದವನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಥ ಪೊಲಾಳ್ವ.

ಹರಿದ್ರಾ ನದಿ ತುಂಗಭದ್ರೆಯನ್ನು ಕೂಡುವ ಈ ಕ್ಷೇತ್ರದಲ್ಲಿ ಆತ 1224ರಲ್ಲಿ ಹರಿಹರೇಶ್ವರ ದೇವಾಲಯವನ್ನು ನಿರ್ಮಿಸಿದ. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. 1268ರಲ್ಲಿ ಸೋಮ ದಂಡನಾಯಕ ದೇವಾಲಯವನ್ನು ಮತ್ತಷ್ಟು ಬೆಳೆಸಿದ.

ಪೊಲಾಳ್ವ ಕವಿಯೂ ಹೌದು. ಷಟ್ಪದಿಯಲ್ಲಿ ಆತ 'ಹರಿಚಾರಿತ್ರ' ರಚಿಸಿದ್ದನೆಂದು ಶಾಸನದಿಂದ ತಿಳಿದುಬರುತ್ತದೆ. ಕೃತಿ ಮಾತ್ರ ದೊರೆತಿಲ್ಲ. ಅವನು ಸೇವೆಗೈದ ರಾಜ್ಯ ಅಳಿಯಿತು, ಬರೆದ ಕಾವ್ಯ ಕಳೆದುಹೋಯಿತು. ಶೈವ-ವೈಷ್ಣವರಿಬ್ಬರೂ ಕೈಮುಗಿಯುವ ಗುಡಿ ಎಂಟು ಶತಮಾನ ದಾಟಿ ನಿಂತಿದೆ.