ಪಂಜೆ ಮಂಗೇಶರಾಯರು

ನಾಗರಹಾವಿನ ಪದ್ಯ ಯಾರಿಗೆ ಬರಲ್ಲ ಹೇಳಿ? ಅದನ್ನು ಬರೆದವರೇ ಪಂಜೆ ಮಂಗೇಶರಾಯರು. ಇವರು 1874ರ ಫೆಬ್ರವರಿ 22ರಂದು ಬಂಟ್ವಾಳದಲ್ಲಿ ಜನಿಸಿದರು. ಮಂಗಳೂರಿನಲ್ಲಿ ಮೇಷ್ಟ್ರಾದರು. ಆಮೇಲೆ ಇನ್‌ಸ್ಪೆಕ್ಟರಾಗಿ ಶಾಲೆ ಶಾಲೆ ಸುತ್ತಿದರು.

ಆಗ ಕನ್ನಡದಲ್ಲಿ ಮಕ್ಕಳು ಖುಷಿಯಿಂದ ಓದುವ ಪುಸ್ತಕ ಬಹಳ ಕಮ್ಮಿ. ಈಗತಾನೇ ಅಕ್ಷರ ಕಲಿತವನಿಗೆ ಕಷ್ಟದ ಪದ್ಯ ಕೊಟ್ಟರೆ ಬಾಯಿಪಾಠ ಒಪ್ಪಿಸುತ್ತಾನೆ, ಓದೋಕೆ ಮಾತ್ರ ಬರಲ್ಲ. (ನಾನೂ ಹಾಗೇ ಇದ್ದೆ!)

ರಾಯರು ಕನ್ನಡ ಪದ್ಯ ಪುಸ್ತಕವನ್ನು ಒಂದು, ಎರಡು, ಮೂರು ಎಂದು ಭಾಗ ಭಾಗವಾಗಿ ಸಿದ್ಧಪಡಿಸಿದರು. ನಾವು ನಲಿ-ಕಲಿ ಕಾರ್ಡು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದ ಹಾಗೆ. ಚಿಕ್ಕವರಿಗೆ ‘ಮೂರು ಕರಡಿಗಳು’ ಕಥೆ ಬರೆದರು. ಅದರಲ್ಲಿ ಒಂದೇ ಥರದ ಮಾತು ಮತ್ತೆ ಮತ್ತೆ ಬರುತ್ತೆ. ಮೊದಲ ಸಲ ತಡವರಿಸಿದವರು ಮೂರನೇ ಸಲ ಸರಾಗವಾಗಿ ಓದ್ತಾರೆ. ಸ್ವಲ್ಪ ದೊಡ್ಡವರಿಗೆ ‘ಕೋಟಿ ಚೆನ್ನಯ’. 1921ರಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿ ಮಕ್ಕಳ ಪುಸ್ತಕಗಳನ್ನೇ ಹೊರತಂದರು. ಇಷ್ಟಾದರೂ ತಮ್ಮನ್ನು ‘ಕವಿಶಿಷ್ಯ’ ಎಂದು ಕರೆದುಕೊಂಡರು.

ಮಡಿಕೇರಿಯಲ್ಲಿ ಹೆಡ್‌ಮಾಸ್ಟರಾಗಿದ್ದರು. 1934ರಲ್ಲಿ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1937ರಲ್ಲಿ ತೀರಿಕೊಂಡರು.

ಕರಡಿ ಕಥೆಯನ್ನು ದಪ್ಪಕ್ಷರದಲ್ಲಿ ಬರೆದು ಎರಡನೇ ಕ್ಲಾಸಿನ ಗೋಡೆಗೆ ಅಂಟಿಸಿದ್ದೇವೆ. ದೊಡ್ಡವರು ಅಡ್ಡ ನಿಲ್ಲಬೇಡಿ, ತಮ್ಮಂದಿರು ತಂಗಿಯರು ಓದಲಿ.

– 7ನೇ ತರಗತಿ, ಕುದಾಪುರ