ಅಂಟಿಲ್ಲದ ಕಮಾನು, ನಮ್ಮೂರಿನ ವಿಶ್ವೇಶ್ವರಯ್ಯ

ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ 2007ರವರೆಗೂ ನಮ್ಮ ಕೋಲಾರ ಜಿಲ್ಲೆಯಲ್ಲೇ ಇತ್ತು. ಚಿಕ್ಕ ವಯಸ್ಸಲ್ಲೇ ತಂದೆ ತೀರಿಕೊಂಡ್ರು. ಬೆಂಗಳೂರಲ್ಲಿ ಮನೆಪಾಠ ಹೇಳ್ಕೊಂಡು ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು, 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. ಸಿಮೆಂಟಿಲ್ಲದೆ ಕಲ್ಲು, ಸುರ್ಕಿ ಗಾರೆಯಲ್ಲೇ ಕನ್ನಂಬಾಡಿ ಕಟ್ಟೆಗೆ ಕೈಹಾಕಿದರು. 1912ರಲ್ಲಿ ದಿವಾನರಾದರು. ಮರುವರ್ಷವೇ ಬೌರಿಂಗ್‌ಪೇಟೆಯಿಂದ, ಅಂದ್ರೆ ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಎರಡೂವರೆ ಅಡಿ ಹಳಿಯ ಪುಟ್ಟ ರೈಲು ಬಂತು. 1962ರಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು.

ಆ ಪುಟ್ಟ ಹಳಿಗೆ ಒಪ್ಪುವ ಕಲ್ಲು ಕಮಾನಿನ ಸೇತುವೆಯನ್ನ ಮಾಲೂರು, ಮುಳಬಾಗಲು, ಶ್ರೀನಿವಾಸಪುರದ ನಾವೆಲ್ಲ ಸೇರಿ 1:50 ಅಳತೆಯಲ್ಲಿ ಕಟ್ಟಿದ್ವಿ. ನಡುಗಲ್ಲು ಬಿಗಿಯಾಗೋ ಮುಂಚೆ ಕೆಳಗಿನ ಆಸರೆ ತೆಗೆದ್ವಿ, ಕುಸಿದುಬಿತ್ತು. ಸೆಪ್ಟೆಂಬರ್ 15ಕ್ಕೆ, ಅವರ ಹುಟ್ಟುಹಬ್ಬಕ್ಕೆ, ನಾಲ್ಕೇ ದಿನ ಇದೆ. ಅಂಟು ಹಾಕೋಣ ಅಂದವರೂ ಇದ್ರು. ಬೇಡ ಅಂತ ಮತ್ತೆ ಮೊದಲ ಕಲ್ಲಿನಿಂದ ಶುರು ಮಾಡಿದ್ದೀವಿ.