ಗೈಡಿನ ಒಂದು ಸಾಲಿನಲ್ಲಿ ಸಿಗದ ಕಮಲಾದೇವಿ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಹೆಸರು ಗೊತ್ತು. ಊರು ಮಂಗಳೂರು, ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆ, 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ. ಇಷ್ಟು ನೆನಪಿದ್ದರೆ ಒಂದು ಅಂಕ ಗ್ಯಾರಂಟಿ. ನಾನೂ ಅವರನ್ನು ಅಷ್ಟಕ್ಕೇ ಓದಿಕೊಂಡಿದ್ದೆ.

ಬಿ.ಕಾಂ. ಮುಗಿಸಿ ಎರಡು ವರ್ಷ ಮನೆಯಲ್ಲಿದ್ದ ನಾನು ಕಳೆದ ವರ್ಷ ಮೂರು ತಿಂಗಳ ಉಚಿತ ಹೊಲಿಗೆ, ಕಸೂತಿ ತರಬೇತಿಗೆ ಸೇರಿದೆ. ನಾವು ಇಪ್ಪತ್ತೈದು ಹುಡುಗಿಯರಿದ್ದೆವು. ಕೊನೆಯ ದಿನ ಪ್ರಮಾಣಪತ್ರ ಕೊಟ್ಟರು, ಗ್ರೂಪ್ ಫೋಟೊ ತೆಗೆದರು. ಹೊಲಿದದ್ದನ್ನು ಎಲ್ಲಿ ಮಾರಬೇಕು, ಈಗ ಎಂಥ ವಿನ್ಯಾಸಕ್ಕೆ ಬೇಡಿಕೆಯಿದೆ ಎಂದು ಯಾರೂ ಹೇಳಲಿಲ್ಲ. ಸಾಲ ಮಾಡಿ ತಂದ ಮಷೀನಿನ ಮೇಲೆ ಹಳೇ ಸೀರೆ ಹೊದಿಸಿ ಮತ್ತೆ ಗೈಡು ಹಿಡಿದೆ. ಆಗ ಕಮಲಾದೇವಿ ಇನ್ನೊಮ್ಮೆ ಎದುರಾದರು. ಈ ಸಲ ಒಂದು ಸಾಲಿಗೆ ನಿಲ್ಲಿಸದೆ ಗ್ರಂಥಾಲಯಕ್ಕೆ ಹೋಗಿ ಓದಿದೆ.

ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು. ಏಳು ವರ್ಷದವರಿದ್ದಾಗ ತಂದೆ ಉಯಿಲು ಬರೆಯದೆ ತೀರಿಕೊಂಡರು. ಆಸ್ತಿ ತಾಯಿಯ ಮಲಮಗನ ಪಾಲಾಯಿತು. ತಾಯಿ ಗಿರಿಜಾಬಾಯಿ ತಿಂಗಳ ಜೀವನಾಂಶಕ್ಕೆ ಕೈಚಾಚಲಿಲ್ಲ, ತವರಿನಿಂದ ಬಂದದ್ದರಲ್ಲೇ ಮಕ್ಕಳನ್ನು ಸಾಕಿದರು. ಕಮಲಾದೇವಿಗೆ ಹದಿನಾಲ್ಕಕ್ಕೇ ಮದುವೆ, ಎರಡೇ ವರ್ಷದಲ್ಲಿ ವೈಧವ್ಯ. ಆದರೂ ಅವರು ಮದ್ರಾಸಿಗೆ ಹೋಗಿ ಓದಿದರು, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಮರುಮದುವೆಯಾದರು, ನಾಟಕದಲ್ಲಿ ಪಾತ್ರ ಮಾಡಿದರು. 1926ರಲ್ಲಿ ಮದ್ರಾಸ್ ಶಾಸನಸಭೆಗೆ ನಿಂತು ಕೆಲವೇ ಮತಗಳಿಂದ ಸೋತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬೈಯ ಷೇರುಪೇಟೆಯೊಳಗೇ ಉಪ್ಪಿನ ಪೊಟ್ಟಣ ಮಾರಲು ಹೋದರು, ಜೈಲು ಸೇರಿದರು.

ಸ್ವಾತಂತ್ರ್ಯ ಬಂದಾಗ ಅವರಿಗೆ 44 ವರ್ಷ. ಅಧಿಕಾರದ ಕುರ್ಚಿ ಹುಡುಕಬಹುದಿತ್ತು. ಅವರು ಹೋದದ್ದು ನಿರಾಶ್ರಿತರ ಶಿಬಿರಗಳಿಗೆ. ದೇಶ ವಿಭಜನೆಯಿಂದ ಮನೆ, ಅಂಗಡಿ, ಹೊಲ ಕಳೆದುಕೊಂಡ ಲಕ್ಷಾಂತರ ಜನ ದೆಹಲಿಯ ಸುತ್ತ ಡೇರೆಗಳಲ್ಲಿದ್ದರು. ಅವರಿಗೆ ಪಡಿತರ ಸಿಗುತ್ತಿತ್ತು, ಕೆಲಸ ಇರಲಿಲ್ಲ. ಪಡಿತರದ ಸಾಲಿನಲ್ಲಿ ವರ್ಷಗಟ್ಟಲೆ ನಿಂತವರ ಆತ್ಮವಿಶ್ವಾಸ ಕುಸಿಯುತ್ತದೆ ಎಂಬುದು ಕಮಲಾದೇವಿಯವರ ಚಿಂತೆಯಾಗಿತ್ತು. ಕೆಲಸ ಹುಡುಕಿ ಸೋತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1948ರಲ್ಲಿ ಅವರು ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿದರು. ಎಲ್.ಸಿ. ಜೈನ್ ಅವರಂಥ ಯುವಕರು ಜೊತೆಗಿದ್ದರು. ದೆಹಲಿ ಬಳಿಯ ಛತರ್‌ಪುರದಲ್ಲಿ ಪಾಳುಬಿದ್ದ ಜಮೀನಿನಲ್ಲಿ ನಿರಾಶ್ರಿತ ರೈತರ ಸಹಕಾರಿ ಬೇಸಾಯ ಶುರುವಾಯಿತು. ಮುಂದಿನದು ಫರೀದಾಬಾದ್. ವಾಯವ್ಯ ಗಡಿನಾಡಿನಿಂದ ಬಂದ ಸಾವಿರಾರು ಜನರಿಗೆ ಅಲ್ಲಿ ಊರು ಕಟ್ಟಬೇಕಿತ್ತು. ಗುತ್ತಿಗೆದಾರರಿಗೆ ಕೊಟ್ಟರೆ ಮನೆ ಏಳುತ್ತಿತ್ತು, ಕೂಲಿ ಮಾತ್ರ ಹೊರಗಿನವರ ಪಾಲಾಗುತ್ತಿತ್ತು. ಅದಕ್ಕೇ ನಿರಾಶ್ರಿತರದೇ ಸಹಕಾರ ಸಂಘಗಳನ್ನು ಮಾಡಿದರು. ನಿನ್ನೆಯವರೆಗೆ ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದ ವ್ಯಾಪಾರಿಗಳು ಇಟ್ಟಿಗೆ ಹೊತ್ತು, ಗೋಡೆ ಕಟ್ಟುವುದನ್ನು ಕಲಿತರು. ಕೆಲಸವೇ ತರಬೇತಿ, ತರಬೇತಿಯ ದಿನಕ್ಕೂ ಕೂಲಿ!

ಎಲ್ಲವೂ ಗೆಲುವಲ್ಲ. ಕೆಲವೇ ವರ್ಷಗಳಲ್ಲಿ ಸರ್ಕಾರಿ ಅಧಿಕಾರಿಗಳ ಹಿಡಿತ ಬಿಗಿಯಾಗಿ ಫರೀದಾಬಾದಿನ ಸಹಕಾರಿ ಪ್ರಯೋಗ ಬಡವಾಯಿತು. ಆದರೆ ಕಮಲಾದೇವಿ ಅಲ್ಲಿಗೇ ಕೈಬಿಡಲಿಲ್ಲ. ಕೈಗೆ ಕಸುಬು ಕಲಿಸಿದರೆ ಸಾಲದು, ಮಾಲು ಮಾರಾಟವಾಗಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. 1952ರಲ್ಲಿ ಅವರ ಯೂನಿಯನ್ ದೆಹಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ನಡೆಸುವ ಹೊಣೆ ಹೊತ್ತಿತು. ಅದೇ ವರ್ಷ ಹುಟ್ಟಿದ ಕರಕುಶಲ ಮಂಡಳಿಯ ಚುಕ್ಕಾಣಿಯೂ ಅವರ ಕೈಗೆ ಬಂತು. ಮಂಡಳಿ ತೆರೆದ ವಿನ್ಯಾಸ ಕೇಂದ್ರಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲಿತ್ತು. ಅಲ್ಲಿ ಕಲಾವಿದರೂ ಕುಶಲಕರ್ಮಿಗಳೂ ಕೂಡಿ ಹಳೆಯ ಕಸುಬಿಗೆ ಹೊಸ ಗಿರಾಕಿ ಒಪ್ಪುವ ರೂಪ ಹುಡುಕುತ್ತಿದ್ದರು. ಶಿಬಿರಗಳಲ್ಲಿ ನಿರಾಶ್ರಿತರ ಜೊತೆ ಶುರುವಾದ ಕೆಲಸ ಹೀಗೆ ದೇಶದ ನೇಕಾರರು, ಕುಂಬಾರರು, ಬಡಗಿಗಳವರೆಗೂ ಮುಟ್ಟಿತು. 1987ರಲ್ಲಿ ಪದ್ಮವಿಭೂಷಣ ಬಂತು. ಮರುವರ್ಷ ಅಕ್ಟೋಬರ್ 29ರಂದು ಅವರು ತೀರಿಕೊಂಡರು.

ಓದಿ ಮುಗಿಸಿದ ಮೇಲೆ ನನ್ನ ಪ್ರಮಾಣಪತ್ರ ತೆಗೆದು ನೋಡಿದೆ. ನನಗೆ ಕಸುಬು ಸಿಕ್ಕಿತ್ತು. ವಿನ್ಯಾಸ, ಮಾರುಕಟ್ಟೆ, ಜೊತೆಗಾರರು ಸಿಕ್ಕಿರಲಿಲ್ಲ. ಮನೆ ಮಠ ಕಳೆದುಕೊಂಡವರ ಕಷ್ಟಕ್ಕೆ ನನ್ನದನ್ನು ಹೋಲಿಸುವುದು ತಪ್ಪು. ನನಗೆ ಸೂರಿದೆ, ಅಮ್ಮನ ಕೈ ಊಟವಿದೆ. ಆದರೆ ಅವರಿಗೆ ದಾರಿಯಾದ ಉಪಾಯ ನನಗೂ ಆಗಬಹುದಲ್ಲ ಎನಿಸಿತು.

ಹಳೇ ವಾಟ್ಸ್‌ಆ್ಯಪ್ ಗುಂಪಿಗೆ ಸಂದೇಶ ಹಾಕಿದೆ. ಇಪ್ಪತ್ತೈದರಲ್ಲಿ ನಾಲ್ವರು ಬಂದರು. ಮೊದಲು ಹೊಲಿಯಲಿಲ್ಲ, ಪೇಟೆ ಸುತ್ತಿದೆವು. ಯಾವ ಅಳತೆಯ ಚೀಲ ಹೋಗುತ್ತದೆ, ಯಾವ ಬಣ್ಣ ಕೇಳುತ್ತಾರೆ ಎಂದು ಅಂಗಡಿಯವರನ್ನೇ ವಿಚಾರಿಸಿದೆವು. ಹೋದ ತಿಂಗಳು ಪುಸ್ತಕದಂಗಡಿಯೊಂದರಿಂದ ನಲವತ್ತು ಬಟ್ಟೆ ಚೀಲಗಳ ಆರ್ಡರ್ ಬಂತು. ಐದು ಜನ ಹಂಚಿಕೊಂಡರೆ ಬಸ್ ಪಾಸಿನ ಖರ್ಚು ಕಳೆದು ಉಳಿಯುವುದು ಅಷ್ಟಕ್ಕಷ್ಟೇ. ಬ್ಯಾಂಕ್ ಪರೀಕ್ಷೆಗೂ ಅರ್ಜಿ ಹಾಕಿದ್ದೇನೆ, ಓದುವುದನ್ನು ಬಿಟ್ಟಿಲ್ಲ. ಆದರೆ ಮಷೀನಿನ ಮೇಲಿದ್ದ ಸೀರೆ ಈಗ ಮಡಚಿ ಕಪಾಟು ಸೇರಿದೆ.